ಟವರಿಗೆಷ್ಟು ಮಿತಿ, ಮೊಬೈಲಿಗೆಷ್ಟು ಮಿತಿ?

ನಮ್ಮ ತೆಂಗು ಸೀಮೆಯ ಹಳ್ಳಿಗಳಲ್ಲಿ ಟವರ್ ವಿಚಾರ ಬಂತು ಅಂದ್ರೆ ಊರು ಎರಡಾಗುತ್ತೆ. "ಟವರ್ ಬಂದ ಮೇಲೆ ಹರಳು ಉದುರ್ತಾ ಇದೆ, ಗುಬ್ಬಿ ಹೋದವು, ಜೇನು ಹೋಯ್ತು, ಮಕ್ಕಳಿಗೆ ಕಾಯಿಲೆ ಬರುತ್ತೆ" ಅನ್ನೋರು ಒಂದು ಕಡೆ. "ಸಿಗ್ನಲ್ ಇಲ್ಲದೆ ಮೋಟಾರಿನ ಮೊಬೈಲ್ ಸ್ಟಾರ್ಟರ್ ಕೆಲಸ ಮಾಡಲ್ಲ, 108ಕ್ಕೆ ಫೋನ್ ಹೋಗಲ್ಲ" ಅನ್ನೋರು ಇನ್ನೊಂದು ಕಡೆ. ಇಬ್ಬರ ಮಾತಿಗೂ ಕಾರಣ ಇದೆ. ಆದರೆ ಎಷ್ಟು ವಿಕಿರಣಕ್ಕೆ ಎಷ್ಟು ಮಿತಿ ಇದೆ, ಅದನ್ನು ಯಾರು ಹಾಕಿದರು, ಯಾರು ಅಳೀತಾರೆ ಅನ್ನೋ ಲೆಕ್ಕ ಮಾತ್ರ ಇಬ್ಬರ ಕೈಯಲ್ಲೂ ಇರೋದಿಲ್ಲ.

ನಾನು ತುರುವೇಕೆರೆ ತಾಲ್ಲೂಕಿನ ಖುಷ್ಕಿ ರೈತ. ರಾಗಿ, ಅವರೆ, ಹುರುಳಿ, ಬದುವಿನ ಮೇಲೆ ಒಂದಷ್ಟು ತೆಂಗು. ಓದಿದ್ದು ಏಳನೇ ಕ್ಲಾಸು. ನಮ್ಮ ಹೊಲದ ಮೂಲೆಯಲ್ಲಿ ಟವರಿಗೆ ಜಾಗ ಕೇಳಿಕೊಂಡು ಜನ ಬಂದಾಗ, ಹೂಂ ಅನ್ನೋಕೂ ಉಹೂಂ ಅನ್ನೋಕೂ ಮೊದಲು ವಿಷಯ ತಿಳಿಯೋಣ ಅಂತ ಕೂತೆ. ಇಂಜಿನಿಯರಿಂಗ್ ಓದಿದ ನನ್ನ ತಂಗಿ ಮಗ ಎರಡು ಭಾನುವಾರ ಜೊತೆಗೆ ಕೂತು ಲೆಕ್ಕ ಹೇಳಿಕೊಟ್ಟ. ಹಾಗೆ ತಿಳಿದದ್ದನ್ನು ರೈತರ ಭಾಷೆಯಲ್ಲಿ ಬರೆದಿದ್ದೇನೆ.

ಯಾವ ವಿಕಿರಣ?

ವಿಕಿರಣ ಅನ್ನೋ ಪದ ಕೇಳಿದ ಕೂಡಲೇ ಎಕ್ಸ್‌ರೇ, ಅಣುಬಾಂಬು ನೆನಪಾಗುತ್ತೆ. ಆದರೆ ಎಲ್ಲ ವಿಕಿರಣ ಒಂದೇ ಜಾತಿಯದಲ್ಲ. ಎಕ್ಸ್‌ರೇ ಜಾತಿಯದಕ್ಕೆ ನಮ್ಮ ಮೈಯೊಳಗಿನ ಕಣಗಳ ಕೊಂಡಿಯನ್ನೇ ಕತ್ತರಿಸೋ ಶಕ್ತಿ ಇದೆ. ಮೊಬೈಲು, ಟವರು, ರೇಡಿಯೋ, ಟೀವಿ ತರಂಗಗಳಿಗೆ ಆ ಶಕ್ತಿ ಇಲ್ಲ. ಇವು ಮಾಡೋ ಖಚಿತವಾದ ಕೆಲಸ ಒಂದೇ, ಬಿಸಿ ಮಾಡೋದು. ಎಕ್ಸ್‌ರೇ ಕೊಡಲಿ ಇದ್ದ ಹಾಗೆ, ಇದು ಬಿಸಿಲು ಇದ್ದ ಹಾಗೆ. ಬಿಸಿಲಿನಲ್ಲಿ ಎಷ್ಟು ಹೊತ್ತು ನಿಂತರೂ ಮರ ತುಂಡಾಗೋದಿಲ್ಲ. ಆದರೆ ಬಿಸಿಲು ಹೆಚ್ಚಾದರೆ ಸಸಿ ಬಾಡುತ್ತೆ. ಅದಕ್ಕೇ ಇದಕ್ಕೂ ಒಂದು ಮಿತಿ ಬೇಕು.

ಮಿತಿ ಹಾಕಿದ್ದು ಹೇಗೆ?

ಲೋಕದಲ್ಲಿ ಹೆಚ್ಚಿನ ದೇಶಗಳು ಹಿಡಿಯೋ ದಾರಿ ಐಸಿಎನ್‌ಐಆರ್‌ಪಿ ಅನ್ನೋ ಅಂತರರಾಷ್ಟ್ರೀಯ ಆಯೋಗದ್ದು. ಇದರ ಕಚೇರಿ ಜರ್ಮನಿಯಲ್ಲಿದೆ. ಇದು 1998ರಲ್ಲಿ ಮಿತಿಗಳನ್ನು ಹೇಳಿತು, 2020ರಲ್ಲಿ ತಿದ್ದಿ ಮತ್ತೆ ಹೊರಡಿಸಿತು.

ಅವರ ಲೆಕ್ಕ ಹೀಗಿದೆ. ಇಡೀ ದೇಹ ಪ್ರತಿ ಕಿಲೋ ತೂಕಕ್ಕೆ 4 ವ್ಯಾಟ್‌ನಷ್ಟು ತರಂಗಶಕ್ತಿ ಹೀರಿಕೊಂಡರೆ ಮೈ ಬಿಸಿ ಸುಮಾರು ಒಂದು ಡಿಗ್ರಿ ಏರುತ್ತೆ. ತೊಂದರೆ ಶುರುವಾಗೋದು ಅಲ್ಲಿಂದ ಅಂತ ಇಟ್ಟುಕೊಂಡರು. ಅದನ್ನು 50ರಿಂದ ಭಾಗಿಸಿ ಜನಸಾಮಾನ್ಯರಿಗೆ 0.08 ವ್ಯಾಟ್ ಸಾಕು ಅಂದರು. ತೆಂಗಿನ ಬೇರಿಗೆ ಔಷಧಿ ಕೊಟ್ಟ ಮೇಲೆ 45 ದಿನ ಕಾಯಿ ಕೀಳಬೇಡಿ ಅಂತಾರಲ್ಲ, ಅದೇ ತರಹ. ವಿಷ ಇಳಿಯೋ ದಿನಕ್ಕಿಂತ ಹೆಚ್ಚು ದಿನ ಹೇಳೋದು ನಮ್ಮ ಕ್ಷೇಮಕ್ಕೆ.

ಮೊಬೈಲು ಇಡೀ ಮೈಗೆ ತಾಗೋದಿಲ್ಲ, ಕಿವಿ ಪಕ್ಕ ಮಾತ್ರ ತಾಗುತ್ತೆ. ಹಾಗಾಗಿ ತಲೆಗೆ ಬೇರೆ ಲೆಕ್ಕ. ಒಂದೇ ಜಾಗದಲ್ಲಿ ಕಿಲೋಗೆ 20 ವ್ಯಾಟ್‌ವರೆಗೆ ಹೋದರೆ ತೊಂದರೆ ಅಂತ ಇಟ್ಟುಕೊಂಡು, ಅದರ ಹತ್ತನೇ ಒಂದು ಭಾಗ ಅಂದರೆ 2 ವ್ಯಾಟ್ ಜನರಿಗೆ ಮಿತಿ ಅಂದರು. ಇದನ್ನು 10 ಗ್ರಾಂ ಮಾಂಸದ ಮೇಲೆ ಸರಾಸರಿ ನೋಡ್ತಾರೆ.

ಈ 'ಕಿಲೋಗೆ ಇಷ್ಟು ವ್ಯಾಟ್' ಅನ್ನೋ ಅಳತೆಗೆ 'ಸಾರ್' ಅಂತ ಹೆಸರು. ಮೊಬೈಲ್ ಡಬ್ಬದ ಮೇಲೆ, ಜೊತೆಗೆ ಬರೋ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ.

ಒಂದು ಗ್ರಾಂ ಯಾಕೆ, ಹತ್ತು ಗ್ರಾಂ ಯಾಕೆ?

ಯೂರೋಪಿನವರು 10 ಗ್ರಾಂ ಮೇಲೆ 2 ವ್ಯಾಟ್ ಅಂತಾರೆ. ಅಮೆರಿಕದವರು 1996ರಿಂದ 1 ಗ್ರಾಂ ಮೇಲೆ 1.6 ವ್ಯಾಟ್ ಅಂತಾರೆ. ಇವೆರಡರಲ್ಲಿ ಯಾವುದು ಬಿಗಿ?

ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಒಯ್ದವರಿಗೆ ಇದು ಬೇಗ ಅರ್ಥವಾಗುತ್ತೆ. ಒಂದು ಮೂಟೆಯಲ್ಲಿ ನಾಲ್ಕು ಕೌಟು ಕೊಬ್ಬರಿ ಇದ್ದರೆ, ಇಡೀ ಮೂಟೆಯ ಸರಾಸರಿ ತೆಗೆದಾಗ ಅದು ಮುಚ್ಚಿ ಹೋಗುತ್ತೆ. ಅದೇ ಒಂದು ಹಿಡಿ ತೆಗೆದು ನೋಡಿದರೆ, ಕೌಟು ಆ ಹಿಡಿಯಲ್ಲಿದ್ದಾಗ ತಕ್ಷಣ ಕಾಣುತ್ತೆ. ತಲೆಯಲ್ಲೂ ಅಷ್ಟೇ. ಫೋನ್ ತಾಗಿದ ಚೂರು ಜಾಗದಲ್ಲಿ ಬಿಸಿ ಹೆಚ್ಚು, ಸುತ್ತ ಕಡಿಮೆ. 10 ಗ್ರಾಂ ಲೆಕ್ಕದಲ್ಲಿ ಆ ಹೆಚ್ಚು ಬಿಸಿ ಸುತ್ತಲಿನ ತಂಪಿನ ಜೊತೆ ಕಲೆತು ಹೋಗುತ್ತೆ. 1 ಗ್ರಾಂ ಲೆಕ್ಕದಲ್ಲಿ ಕಲೆಯೋದಿಲ್ಲ. ಅಂದರೆ 1 ಗ್ರಾಂಗೆ 1.6 ಅನ್ನೋದೇ ಬಿಗಿ.

ನಮ್ಮ ದೇಶ ಏನು ಮಾಡಿತು?

ಭಾರತ ಸರ್ಕಾರ 2008ರಲ್ಲಿ ಐಸಿಎನ್‌ಐಆರ್‌ಪಿ ಮಿತಿಗಳನ್ನೇ ಒಪ್ಪಿಕೊಂಡಿತು. ಜನರ ದೂರು ಹೆಚ್ಚಾದಾಗ 2010ರಲ್ಲಿ ಹಲವು ಸಚಿವಾಲಯಗಳ ಒಂದು ಸಮಿತಿ ಮಾಡಿತು. ಸಮಿತಿ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಅದರ ಮೇಲೆ 2012ರ ಸೆಪ್ಟೆಂಬರ್ 1ರಿಂದ ಎರಡು ಬದಲಾವಣೆ ಬಂದವು.

ಒಂದು, ಟವರಿನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದರು.

ಎರಡು, ಮೊಬೈಲಿಗೆ 1 ಗ್ರಾಂ ಮೇಲೆ 1.6 ವ್ಯಾಟ್ ಮಿತಿ ಹಾಕಿದರು. ಹಳೇ ದಾಸ್ತಾನು ಮುಗಿಸೋಕೆ ಒಂದು ವರ್ಷ ಬಿಟ್ಟು, 2013ರ ಸೆಪ್ಟೆಂಬರ್ 1ರಿಂದ ಈ ಮಿತಿಯೊಳಗಿನ ಮೊಬೈಲು ಮಾತ್ರ ಮಾರಬೇಕು ಅಂದರು.

ಟವರಿನ ಮಿತಿಯನ್ನು ಅಳೆಯೋದು ಒಂದು ಚದರ ಮೀಟರ್ ಜಾಗಕ್ಕೆ ಎಷ್ಟು ವ್ಯಾಟ್ ಬೀಳುತ್ತೆ ಅಂತ. 2012ರಲ್ಲಿ ನಿಗದಿಯಾದ ಅಂಕಿ ಇವು:

900 ಮೆಗಾಹರ್ಟ್ಸ್ ತರಂಗಕ್ಕೆ: 0.45 ವ್ಯಾಟ್ (ಅಂತರರಾಷ್ಟ್ರೀಯ ಮಿತಿ 4.5)

1800 ಮೆಗಾಹರ್ಟ್ಸ್‌ಗೆ: 0.9 ವ್ಯಾಟ್ (ಅಂತರರಾಷ್ಟ್ರೀಯ 9)

2000 ಮೆಗಾಹರ್ಟ್ಸ್ ದಾಟಿದ ಮೇಲೆ: 1 ವ್ಯಾಟ್ (ಅಂತರರಾಷ್ಟ್ರೀಯ 10)

ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತೆ. ಬಿಸಿಲು ಚರ್ಮದಲ್ಲೇ ನಿಲ್ಲುತ್ತೆ, ರೇಡಿಯೋ ತರಂಗ ಒಳಕ್ಕೆ ಹೋಗುತ್ತೆ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೂ ಅರ್ಧ ವ್ಯಾಟ್ ಅಂದರೆ ಎಷ್ಟು ಅನ್ನೋ ಅಂದಾಜಿಗೆ ಇದು ಸಾಕು.

ಈ ಮಿತಿ ತೀರಾ ಬಿಗಿಯಾಯ್ತು, ಸಡಿಲ ಮಾಡಿ ಅಂತ ಫೋನ್ ಕಂಪೆನಿಗಳು ಕೇಳುತ್ತಲೇ ಬಂದಿವೆ. ಅಂಕಿ ಮುಂದೆ ಬದಲಾಗಬಹುದು. ಹಾಗಾಗಿ ನಿಮ್ಮೂರಿಗೆ ಟವರ್ ಬರೋ ಹೊತ್ತಿಗೆ ಚಾಲ್ತಿಯಲ್ಲಿರೋ ಅಂಕಿ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ. ಎಲ್ಲಿ ನೋಡೋದು ಅಂತ ಮುಂದೆ ಹೇಳಿದ್ದೇನೆ.

ದೂರದ ಲೆಕ್ಕ

ಟವರಿಂದ ದೂರ ಹೋದ ಹಾಗೆ ತರಂಗ ಎಷ್ಟು ಇಳಿಯುತ್ತೆ? ದೂರ ಎರಡರಷ್ಟಾದರೆ ತರಂಗ ನಾಲ್ಕನೇ ಒಂದು ಭಾಗ. ದೂರ ಹತ್ತರಷ್ಟಾದರೆ ನೂರನೇ ಒಂದು ಭಾಗ. ಸ್ಪ್ರಿಂಕ್ಲರ್ ಬುಡದಲ್ಲಿ ಮಣ್ಣು ಕೆಸರಾಗಿ, ದೂರದಲ್ಲಿ ಬರೀ ತೇವ ಆಗೋ ಹಾಗೆ.

ನನ್ನ ಸೋದರಳಿಯ ಹೇಳಿಕೊಟ್ಟ ಸೂತ್ರ ಇದು: ಆಂಟೆನಾ ಮುಂದಕ್ಕೆ ಎಸೆಯೋ ಶಕ್ತಿಯನ್ನು, ದೂರವನ್ನು ದೂರದಿಂದಲೇ ಗುಣಿಸಿ ಮತ್ತೆ 12.57ರಿಂದ ಗುಣಿಸಿದ ಸಂಖ್ಯೆಯಿಂದ ಭಾಗಿಸಬೇಕು. ಲೆಕ್ಕಕ್ಕೆ ಒಂದು ಆಂಟೆನಾಕ್ಕೆ 20 ವ್ಯಾಟ್ ಕೊಟ್ಟರು ಅಂತ ಇಟ್ಟುಕೊಳ್ಳೋಣ. ಆಂಟೆನಾ ಅದನ್ನು ಬ್ಯಾಟರಿ ಲೈಟಿನ ಹಾಗೆ ಒಂದು ಕಡೆಗೆ ಒಟ್ಟುಮಾಡಿ 50 ಪಟ್ಟು ಮಾಡಿದರೆ, ಎದುರಿಗೆ ನಿಂತವರ ಪಾಲಿಗೆ ಅದು 1000 ವ್ಯಾಟಿನ ಹಾಗೆ. ಆಗ ಆಂಟೆನಾದ ನೇರ ಎದುರಿಗೆ, ಅದೇ ಎತ್ತರದಲ್ಲಿ ಒಂದು ಚದರ ಮೀಟರಿಗೆ ಬೀಳೋದು ಇಷ್ಟು:

10 ಮೀಟರ್ ದೂರದಲ್ಲಿ 0.80 ವ್ಯಾಟ್

20 ಮೀಟರಲ್ಲಿ 0.20 ವ್ಯಾಟ್

50 ಮೀಟರಲ್ಲಿ 0.032 ವ್ಯಾಟ್

100 ಮೀಟರಲ್ಲಿ 0.008 ವ್ಯಾಟ್

200 ಮೀಟರಲ್ಲಿ 0.002 ವ್ಯಾಟ್

900 ಮೆಗಾಹರ್ಟ್ಸ್‌ಗೆ ಮಿತಿ 0.45 ಅಂತ ನೋಡಿದೆವಲ್ಲ. 10 ಮೀಟರಲ್ಲಿ ಮಿತಿ ಮೀರಿತು, 20 ಮೀಟರಲ್ಲಿ ಒಳಗೆ ಬಂತು, 100 ಮೀಟರಲ್ಲಿ ಮಿತಿಯ ಐವತ್ತನೇ ಒಂದು ಭಾಗಕ್ಕಿಂತ ಕಡಿಮೆ. ದೂರಸಂಪರ್ಕ ಇಲಾಖೆ ರಾಜ್ಯಗಳಿಗೆ ಕೊಟ್ಟ ಸಲಹೆಯಲ್ಲಿ, ಆಂಟೆನಾದ ಎದುರಿಗೆ ಅದೇ ಎತ್ತರದಲ್ಲಿ ಕಟ್ಟಡ ಇದ್ದರೆ ಒಂದು ಆಂಟೆನಾಕ್ಕೆ 20 ಮೀಟರ್, ಎರಡಕ್ಕೆ 35, ನಾಲ್ಕಕ್ಕೆ 45, ಆರಕ್ಕೆ 55 ಮೀಟರ್ ದೂರ ಬಿಡಿ ಅಂತ ಹೇಳಿದ್ದು ಇದೇ ಕಾರಣಕ್ಕೆ. ಒಂದೇ ಟವರಿನ ಮೇಲೆ ಮೂರು ಕಂಪೆನಿಯವರು ಆಂಟೆನಾ ಹಾಕಿದರೆ ಎಲ್ಲರದ್ದೂ ಕೂಡಿಸಿ ನೋಡಬೇಕು. ನಿಯಮವೂ ಹಾಗೇ ಇದೆ.

ಇಲ್ಲಿ ಇನ್ನೊಂದು ವಿಷಯ. ಟವರಿನ ಬುಡದಲ್ಲೇ ಹೆಚ್ಚು ಅಪಾಯ ಅಂತ ನಮ್ಮ ಜನ ತಿಳಿದಿದ್ದಾರೆ. ಹಾಗಲ್ಲ. ದೀಪದ ಕೆಳಗೆ ಕತ್ತಲು ಅಂತಾರಲ್ಲ, ಟವರಿಗೆ ಅದು ಸರಿಯಾಗಿ ಹೊಂದುತ್ತೆ. ಆಂಟೆನಾ ತರಂಗವನ್ನು ಅಡ್ಡಕ್ಕೆ, ಸ್ವಲ್ಪವೇ ತಗ್ಗಿಸಿ ಬಿಡುತ್ತೆ. 35 ಮೀಟರ್ ಎತ್ತರದ ಟವರಾದರೆ ಆ ಮುಖ್ಯ ಧಾರೆ ನೆಲ ಮುಟ್ಟೋದು ನೂರಾರು ಮೀಟರ್ ಆಚೆ. ಅಷ್ಟು ಹೊತ್ತಿಗೆ ಅದು ಸಾಕಷ್ಟು ಸೊರಗಿರುತ್ತೆ.

ಹಾಗಾದರೆ ಹುಷಾರು ಎಲ್ಲಿ? ಎರಡು ಕಡೆ. ಗಿಡ್ಡ ಟವರನ್ನೋ ಮನೆ ತಾರಸಿ ಮೇಲಿನ ಆಂಟೆನಾವನ್ನೋ ಎದುರಿನ ಮನೆಯ ಮಹಡಿಗೆ ಸರಿಯಾಗಿ ಮುಖ ಮಾಡಿ ನಿಲ್ಲಿಸಿದಾಗ. ಇನ್ನೊಂದು, ಅಂಥ ಗಿಡ್ಡ ಆಂಟೆನಾದ ಎದುರಿಗೆ ಎತ್ತರದ ತೆಂಗಿನ ಮರ ಇದ್ದು, ಕಾಯಿ ಕೀಳೋರು ಅದರ ಸುಳಿಗೆ ಹತ್ತಿದಾಗ. ಮಿತಿಯನ್ನು ಲೆಕ್ಕ ಹಾಕೋದು ನಿಮಿಷಗಳ ಸರಾಸರಿ ಮೇಲೆ, ಹಾಗಾಗಿ ಮರ ಹತ್ತಿ ಇಳಿಯೋ ಹೊತ್ತಿಗೆ ಏನೂ ಆಗಿಬಿಡೋದಿಲ್ಲ. ಆದರೆ ಆಂಟೆನಾ ನಿಲ್ಲಿಸೋ ಮೊದಲೇ ದಿಕ್ಕು, ಎತ್ತರ ಕೇಳಿ ತಿದ್ದಿಸಿದರೆ ಈ ಪ್ರಶ್ನೆಯೇ ಏಳೋದಿಲ್ಲ.

ಟವರ್ ದೂರವಾದಷ್ಟೂ ಮೊಬೈಲ್ ಜೋರು

ಟವರಿನ ತರಂಗ ನಮ್ಮನ್ನು ಮುಟ್ಟೋ ಹೊತ್ತಿಗೆ ಸೊರಗಿರುತ್ತೆ. ಮೊಬೈಲು ಕಿವಿಗೇ ಅಂಟಿಕೊಂಡಿರುತ್ತೆ, ಸೊರಗೋಕೆ ದೂರವೇ ಇಲ್ಲ. ಟವರು ತನ್ನ ಪೂರ್ತಿ ಮಿತಿಯಲ್ಲಿ ಕೆಲಸ ಮಾಡಿದರೂ ನಮ್ಮ ಮೈ ಹೀರೋದು ಕಿಲೋಗೆ ಸುಮಾರು 0.008 ವ್ಯಾಟ್. ಮೊಬೈಲಿಗೆ ಕಿವಿ ಪಕ್ಕ 1.6 ವ್ಯಾಟ್‌ವರೆಗೆ ಬಿಟ್ಟಿದ್ದಾರೆ. ಅದು ಇಡೀ ಮೈಯ ಲೆಕ್ಕ, ಇದು ಒಂದು ಗ್ರಾಂ ಲೆಕ್ಕ. ಆದರೂ ಯಾವುದರ ಕಡೆ ಹೆಚ್ಚು ಗಮನ ಇರಬೇಕು ಅನ್ನೋದು ತಿಳಿಯುತ್ತೆ. ಟವರಿನ ಮಿತಿಗೂ ತೊಂದರೆಯ ಅಂಚಿಗೂ ನಡುವೆ 500 ಪಟ್ಟು ಅಂತರ ಇದೆ. ಮೊಬೈಲಿನ ಮಿತಿಗೂ ತೊಂದರೆಯ ಅಂಚಿಗೂ ನಡುವೆ ಹತ್ತು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಂತರ, ಅಷ್ಟೇ. ನಾವು ಮೊದಲನೆಯದಕ್ಕೆ ಹೆದರಿ ಅರ್ಜಿ ಬರೀತೀವಿ, ಎರಡನೆಯದನ್ನು ತಲೆದಿಂಬಿನ ಕೆಳಗೆ ಇಟ್ಟು ಮಲಗ್ತೀವಿ.

ಇನ್ನೊಂದು ಗುಟ್ಟು. ಮೊಬೈಲು ಯಾವಾಗಲೂ ಒಂದೇ ಜೋರಿನಲ್ಲಿ ತರಂಗ ಬಿಡೋದಿಲ್ಲ. ಟವರು ಹತ್ತಿರ ಇದ್ದರೆ ಪಿಸುಮಾತು, ದೂರ ಇದ್ದರೆ ಕೂಗು. ಹೊಲದ ಆ ತುದಿಯಲ್ಲಿ ಇರೋರನ್ನು ಕರೆಯೋಕೆ ನಾವು ಗಂಟಲು ಹರಿದುಕೊಳ್ಳೋದಿಲ್ಲವೇ, ಹಾಗೆ. 4ಜಿ ಮೊಬೈಲಿನ ಕೂಗು ಹೆಚ್ಚೆಂದರೆ 0.2 ವ್ಯಾಟ್. ಹಳೇ 2ಜಿ ಸೆಟ್ಟು 900 ಮೆಗಾಹರ್ಟ್ಸ್‌ನಲ್ಲಿ ಬಿಟ್ಟು ಬಿಟ್ಟು 2 ವ್ಯಾಟ್‌ವರೆಗೆ ಕೂಗುತ್ತೆ, ಸರಾಸರಿ ತೆಗೆದರೆ ಕಾಲು ವ್ಯಾಟ್.

ಅಂದರೆ ಕೆರೆ ತಗ್ಗಿನಲ್ಲಿ, ಒತ್ತಾದ ತೋಟದ ನಡುವೆ, ಒಂದೇ ಕಡ್ಡಿ ಸಿಗ್ನಲ್ ಇರೋ ಕಡೆ ನಿಂತು ಅರ್ಧ ಗಂಟೆ ಮಾತಾಡಿದರೆ ತಲೆಗೆ ತಾಗೋದು ಹೆಚ್ಚು. ಹಸಿ ಗರಿಗಳೂ ತರಂಗವನ್ನು ಹೀರಿ ಸಿಗ್ನಲ್ ಇಳಿಸುತ್ತವೆ. ಟವರ್ ಬೇಡ ಅಂತ ಊರಾಚೆ ಅಟ್ಟಿದರೆ ಊರಿನ ಅಷ್ಟೂ ಮೊಬೈಲು ಕೂಗೋಕೆ ಶುರು ಮಾಡುತ್ತವೆ. ಇದನ್ನು ಕೇಳಿದಾಗ ನಮ್ಮೂರಿನ ಅರಳಿಕಟ್ಟೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯರು "ಹಂಗಾದ್ರೆ ನಾವು ಇಷ್ಟು ದಿನ ಓಡಿಸ್ತಾ ಇದ್ದದ್ದು ಕಾವಲು ನಾಯೀನ ಅನ್ನಪ್ಪ" ಅಂದರು.

ಕ್ಯಾನ್ಸರ್ ಬರುತ್ತಾ?

ಎಲ್ಲರ ಮನಸ್ಸಲ್ಲಿರೋ ಪ್ರಶ್ನೆ ಇದು. ತಿಳಿದಷ್ಟನ್ನು ಎರಡೂ ಕಡೆಯಿಂದ ಹೇಳ್ತೀನಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫ್ರಾನ್ಸಿನ ಲಿಯಾನ್ ಊರಲ್ಲಿದೆ. 2011ರ ಮೇ ತಿಂಗಳಲ್ಲಿ ಅಲ್ಲಿ 14 ದೇಶಗಳ 31 ತಜ್ಞರು ಸೇರಿ ರೇಡಿಯೋ ತರಂಗವನ್ನು '2ಬಿ' ಗುಂಪಿಗೆ ಹಾಕಿದರು. 'ಕ್ಯಾನ್ಸರ್ ತಂದರೂ ತರಬಹುದು, ಪುರಾವೆ ಸಾಲದು' ಅಂತ ಅದರ ಅರ್ಥ. ಲೋಳೆಸರದ ಇಡೀ ಎಲೆಯ ಸಾರ, ಏಷ್ಯಾದ ಕೆಲವು ಕಡೆ ಮಾಡೋ ತರಕಾರಿ ಉಪ್ಪಿನಕಾಯಿ ಕೂಡ ಅದೇ ಗುಂಪಿನಲ್ಲಿವೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, '2ಎ' ಗುಂಪಿನಲ್ಲಿ ಇರೋದು ನಮ್ಮ ಅಡುಗೆಮನೆಯ ಸೌದೆ ಒಲೆ ಹೊಗೆ. ಎಲ್ಲಕ್ಕಿಂತ ಮೇಲಿನ, ಖಚಿತವಾಗಿ ಕ್ಯಾನ್ಸರ್ ತರೋ 1ನೇ ಗುಂಪಿನಲ್ಲಿ ತಂಬಾಕು, ಮದ್ಯ, ಡೀಸೆಲ್ ಇಂಜಿನ್ ಹೊಗೆ, ಬಿಸಿಲು ಇವೆ. ಅಡಿಕೆಯೂ ಅಲ್ಲೇ ಇದೆ. ಬೆಳೆಯೋ ನಮಗೆ ಇದು ಕಹಿ ಮಾತು, ಆದರೆ ಇದ್ದದ್ದು ಹೇಳಬೇಕು. ಇಲ್ಲಿ ಒಂದು ಎಚ್ಚರ: ಈ ಗುಂಪುಗಳು ಹೇಳೋದು ಪುರಾವೆ ಎಷ್ಟು ಗಟ್ಟಿ ಅಂತ. ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ.

2018ರಲ್ಲಿ ಅಮೆರಿಕದ ಸರ್ಕಾರಿ ಅಧ್ಯಯನವೊಂದರಲ್ಲಿ, ಎರಡು ವರ್ಷ ದಿನಾ ಒಂಬತ್ತು ಗಂಟೆ ಇಡೀ ಮೈಗೆ ಜೋರು ತರಂಗ ಬಿಟ್ಟಾಗ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡವು. ಹೆಣ್ಣು ಇಲಿಗಳಲ್ಲಿ ಅಂಥ ಸ್ಪಷ್ಟ ಪುರಾವೆ ಸಿಗಲಿಲ್ಲ. ಕೊಟ್ಟ ಪ್ರಮಾಣ ನಮಗಿರೋ ಮಿತಿಗಿಂತ ಬಹಳ ಹೆಚ್ಚು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆ ಹೊರಬಂತು. 1994ರಿಂದ 2022ರವರೆಗೆ ಮನುಷ್ಯರ ಮೇಲೆ ನಡೆದ 63 ಅಧ್ಯಯನಗಳನ್ನು ಜಾಲಾಡಿ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ ಅಂದರು. ಹಾಗಂತ ವಿಷಯ ಮುಚ್ಚಿಲ್ಲ. ಲಿಯಾನಿನ ಸಂಸ್ಥೆಯ ಸಲಹೆಗಾರರು ಇದನ್ನು ಮತ್ತೆ ಪರಿಶೀಲಿಸಬೇಕು ಅಂತ 2019ರಲ್ಲೇ ಹೇಳಿದ್ದಾರೆ.

ನನಗೆ ತೋಚೋದು ಇಷ್ಟು. ಹೆದರಿ ಓಡೋ ವಿಷಯ ಇದಲ್ಲ. ಖರ್ಚಿಲ್ಲದೆ ಕಡಿಮೆ ಮಾಡಿಕೊಳ್ಳೋಕೆ ಆಗೋದನ್ನು ಬಿಡಬೇಕಾಗೂ ಇಲ್ಲ.

ಹರಳು ಉದುರೋದು, ಜೇನು ಹೋಗೋದು

ಹರಳು ಉದುರೋದಕ್ಕೆ ಟವರ್ ಕಾರಣ ಅನ್ನೋರಿಗೆ ನಾನು ಒಂದು ಮಾತು ನೆನಪು ಮಾಡ್ತೀನಿ. ತೆಂಗಿಗೆ ನುಸಿ ಕಾಟ ಕೇರಳದಲ್ಲಿ ಕಂಡದ್ದು 1998ರಲ್ಲಿ. ಆಮೇಲೆ ಅದು ನಮ್ಮ ಸೀಮೆಗೂ ಹಬ್ಬಿ ಕಾಯಿ ಸಣ್ಣದಾಗಿ, ಸಿಪ್ಪೆ ಬಿರಿದು, ಹರಳು ಉದುರಿದಾಗ ನಮ್ಮ ಹಳ್ಳಿಯ ಸುತ್ತ ಒಂದು ಮೊಬೈಲ್ ಟವರೂ ಇರಲಿಲ್ಲ. ಅಣಬೆ ರೋಗ, ಕಾಂಡ ಸೋರೋ ರೋಗ, ಕಪ್ಪುತಲೆ ಹುಳು ಯಾವುವೂ ಟವರ್ ಕೇಳಿ ಬಂದವಲ್ಲ. ಮೇಲೆ ನೀರಿನ ಕೊರತೆ, ಗೊಬ್ಬರದ ಕೊರತೆ. ಟವರಿನ ಮೇಲೆ ತಪ್ಪು ಹೊರಿಸಿ ಕೂತರೆ ಅಣಬೆ ರೋಗ ಪಕ್ಕದ ಮರಕ್ಕೆ ಹೋಗಿರುತ್ತೆ. ನಷ್ಟ ಆಗೋದು ಅಲ್ಲಿ.

ಜೇನು, ಹಕ್ಕಿಗಳ ವಿಷಯ ಬೇರೆ. ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ಇದಕ್ಕೇ ಒಂದು ತಜ್ಞರ ಸಮಿತಿ ಮಾಡಿತ್ತು. ಅದರ ವರದಿ ಮೇಲೆ 2012ರ ಆಗಸ್ಟಿನಲ್ಲಿ, ಇರೋ ಟವರಿನ ಒಂದು ಕಿಲೋಮೀಟರ್ ಒಳಗೆ ಹೊಸ ಟವರ್ ಬೇಡ ಅಂತ ಸಲಹೆಯನ್ನೂ ಕೊಟ್ಟಿತು. ನಾನು ಮೇಲೆ ಹೇಳಿದ ಮಿತಿಗಳೆಲ್ಲ ಮನುಷ್ಯರ ಮೈ ನೋಡಿ ಮಾಡಿದವು, ಜೇನಿನ ಮೈ ನೋಡಿ ಮಾಡಿದವಲ್ಲ. ಆದ್ದರಿಂದ ಜೇನು ಪೆಟ್ಟಿಗೆ ಇರೋರು ಅದನ್ನು ಟವರಿಂದ ದೂರ ಇಡಲಿ. ಹೂವಿಗೆ ಹೊಡೆಯೋ ಔಷಧಿಯನ್ನೂ ಅಷ್ಟೇ ಅನುಮಾನದಿಂದ ನೋಡಲಿ.

ಮಿತಿ ಮೀರಿದೆಯಾ ಅಂತ ತಿಳಿಯೋದು ಹೇಗೆ?

ಮೊಬೈಲಿಗೆ: ಫೋನಿನಲ್ಲಿ ಸ್ಟಾರ್, ಹ್ಯಾಷ್, ಸೊನ್ನೆ, ಏಳು, ಹ್ಯಾಷ್ (*#07#) ಒತ್ತಿ. ಹೆಚ್ಚಿನ ಸೆಟ್ಟುಗಳಲ್ಲಿ ಸಾರ್ ಅಂಕಿ ಬರುತ್ತೆ. ತಲೆಗೆ ಇಷ್ಟು, ಮೈಗೆ ಇಷ್ಟು ಅಂತ ಎರಡು ಇರುತ್ತೆ. 1.6ಕ್ಕಿಂತ ಕೆಳಗೆ ಇರಬೇಕು. ಇದು ಸೆಟ್ಟು ಪೂರ್ತಿ ಕೂಗಿದಾಗಿನ ಅಳತೆ, ದಿನನಿತ್ಯದ್ದು ಇದಕ್ಕಿಂತ ಕಡಿಮೆ. ಮೈಯ ಅಳತೆ ತೆಗೆಯುವಾಗ ಸೆಟ್ಟನ್ನು ಮೈಯಿಂದ ಕೆಲವು ಮಿಲಿಮೀಟರ್ ದೂರ ಇಟ್ಟಿರ್ತಾರೆ ಅನ್ನೋದೂ ನೆನಪಿರಲಿ. ಅಂಗಿ ಜೇಬಿನಲ್ಲಿ, ಸೊಂಟದ ಪಂಚೆಯಲ್ಲಿ ಅಷ್ಟು ದೂರ ಉಳಿಯೋದಿಲ್ಲ.

ಪರೀಕ್ಷೆ ಬರೀ ಕಾಗದದ ಮೇಲಿನದಲ್ಲ ಅನ್ನೋದಕ್ಕೆ ಫ್ರಾನ್ಸಿನ ಉದಾಹರಣೆ ಇದೆ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸರ್ಕಾರಿ ಸಂಸ್ಥೆ ಐಫೋನ್ 12 ಸೆಟ್ಟನ್ನು ಅಳೆದಾಗ, ಕೈಯಲ್ಲಿ ಹಿಡಿದ ಲೆಕ್ಕಕ್ಕೆ 4 ವ್ಯಾಟ್ ಮಿತಿ ಇದ್ದಲ್ಲಿ 5.74 ಬಂತು. ಮಾರಾಟ ನಿಲ್ಲಿಸಿ ಅಂದರು. ಕಂಪೆನಿ ಸಾಫ್ಟ್‌ವೇರ್ ತಿದ್ದಿ ಕೊಡಬೇಕಾಯ್ತು. ದುಬಾರಿ ಸೆಟ್ಟು ಅಂದ ಮಾತ್ರಕ್ಕೆ ಸರಿ ಇರುತ್ತೆ ಅಂತಲ್ಲ.

ಟವರಿಗೆ: ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ 'ತರಂಗ್ ಸಂಚಾರ್' ಅನ್ನೋ ಪೋರ್ಟಲ್ ತೆರೆಯಿತು. ಅದರಲ್ಲಿ ನಮ್ಮ ಸುತ್ತಲಿನ ಟವರುಗಳು ಮಿತಿಯೊಳಗೆ ಇವೆಯೇ ಅಂತ ನೋಡಬಹುದು, ಚಾಲ್ತಿ ಮಿತಿಯನ್ನೂ ತಿಳಿಯಬಹುದು. ಅನುಮಾನ ಇದ್ದರೆ ಅಳತೆಗೆ ಅರ್ಜಿ ಹಾಕಬಹುದು. ಶುರುವಾದಾಗ ಅದಕ್ಕೆ ಶುಲ್ಕ 4000 ರೂಪಾಯಿ. ಒಬ್ಬರಿಗೆ ಹೊರೆ, 40 ಮನೆ ಸೇರಿದರೆ ಮನೆಗೆ 100 ರೂಪಾಯಿ. ಕಂಪೆನಿಗಳು ತಾವೇ ಪ್ರಮಾಣಪತ್ರ ಕೊಡಬೇಕು, ಇಲಾಖೆಯವರು ವರ್ಷಕ್ಕೆ ಹತ್ತನೇ ಒಂದು ಭಾಗದವರೆಗೆ ಆರಿಸಿ ತಪಾಸಣೆ ಮಾಡಬೇಕು ಅನ್ನೋ ಏರ್ಪಾಡು ಇದೆ. ಮೀರಿದರೆ 10 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದ್ದಾರೆ.

ಅಳತೆ, ಅರ್ಜಿ ಇಲ್ಲದೆ ನೇರ ಕೋರ್ಟಿಗೆ ಹೋದರೆ ಏನಾಗುತ್ತೆ? ನಮ್ಮ 'ಪ್ರೇಮಲೋಕ'ದ ನಾಯಕಿ ಜೂಹಿ ಚಾವ್ಲಾ 5ಜಿ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿದ್ದರು. ಮೊದಲು ಸರ್ಕಾರಕ್ಕೆ ನೋಟೀಸು ಕೊಟ್ಟಿಲ್ಲ, ದಾವೆ ಸರಿಯಾಗಿಲ್ಲ ಅಂತ 2021ರ ಜೂನ್ ತಿಂಗಳಲ್ಲಿ ಕೋರ್ಟು ಅದನ್ನು ವಜಾ ಮಾಡಿ 20 ಲಕ್ಷ ದಂಡ ಹಾಕಿತು. 2022ರಲ್ಲಿ ಅದು 2 ಲಕ್ಷಕ್ಕೆ ಇಳಿಯಿತು. ಕೇಳೋ ಹಕ್ಕು ಎಲ್ಲರಿಗೂ ಇದೆ. ಕೇಳೋ ದಾರಿ ಸರಿ ಇರಬೇಕು. ಮೊದಲು ಅಳತೆ, ಆಮೇಲೆ ಇಲಾಖೆಗೆ ಅರ್ಜಿ, ಕೊನೆಗೆ ಕೋರ್ಟು.

ಟವರಿಗೆ ಜಾಗ ಕೇಳಿದರೆ

ಮೊದಲು ಮೋಸದ ಮಾತು. "ನಿಮ್ಮ ಜಮೀನು ಟವರಿಗೆ ಆಯ್ಕೆಯಾಗಿದೆ, 30 ಲಕ್ಷ ಅಡ್ವಾನ್ಸ್, ತಿಂಗಳಿಗೆ 30 ಸಾವಿರ ಬಾಡಿಗೆ, ಮಗನಿಗೆ ಕೆಲಸ, ಮೊದಲು ರಿಜಿಸ್ಟ್ರೇಷನ್ ಹಣ ಕಟ್ಟಿ" ಅಂತ ಫೋನು ಬಂದರೆ ಅದು ಖಂಡಿತ ಮೋಸ. ಸರ್ಕಾರದ ಮೊಹರು ಇರೋ ಕಾಗದವನ್ನೂ ಕಳಿಸ್ತಾರೆ. ಟವರಿಗೆ ಒಪ್ಪಿಗೆ ಕೊಡೋ ಕೆಲಸ ತನ್ನದಲ್ಲ, ಹಣ ಕೇಳೋದೂ ಇಲ್ಲ ಅಂತ ಟ್ರಾಯ್ ಸಂಸ್ಥೆ ಹಲವು ಸಲ ಪ್ರಕಟಣೆ ಕೊಟ್ಟಿದೆ. ನಿಜವಾದ ಕಂಪೆನಿ ಜಾಗದವರಿಗೆ ಹಣ ಕೊಡುತ್ತೆ, ಕೇಳೋದಿಲ್ಲ. ನಮ್ಮ ನೆಂಟರೊಬ್ಬರು ಕೊಬ್ಬರಿ ಮಾರಿದ ದುಡ್ಡು ಹೀಗೇ ಕಳಕೊಂಡರು. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬರೀ ಅನುಮಾನ ಇದ್ದರೆ 'ಸಂಚಾರ್ ಸಾಥಿ' ಪೋರ್ಟಲಿನಲ್ಲಿ ದೂರು ಕೊಡಿ.

ನಿಜವಾದ ಕಂಪೆನಿ ಬಂದರೆ ಕೇಳಬೇಕಾದ್ದು ಇವು:

1. ಟವರ್ ಎಷ್ಟು ಎತ್ತರ, ಎಷ್ಟು ಆಂಟೆನಾ, ಯಾವ ದಿಕ್ಕಿಗೆ? ಎದುರಿಗೆ ಮನೆ, ಶಾಲೆ ಎಷ್ಟು ದೂರ?

2. ಮುಂದೆ ಇನ್ನೊಂದು ಕಂಪೆನಿಯ ಆಂಟೆನಾ ಸೇರಿಸಿದರೆ ಹೊಸ ಪ್ರಮಾಣಪತ್ರ ತೋರಿಸ್ತೀರಾ?

3. ಡೀಸೆಲ್ ಜನರೇಟರ್ ಎಲ್ಲಿ ಇಡ್ತೀರಿ? ತರಂಗ 2ಬಿ ಗುಂಪಿನದಾದರೆ ಡೀಸೆಲ್ ಹೊಗೆ 1ನೇ ಗುಂಪಿನದು ಅಂತ ಮೇಲೆ ನೋಡಿದೆವು. ಹೊಗೆ, ಸದ್ದು ಮನೆ ಕಡೆಗೆ ಬರಬಾರದು.

4. ಸಿಡಿಲಿಗೆ ಭದ್ರ ಏನು? ಟವರ್ ಉರುಳಿದರೆ ಬೀಳೋ ಅಳತೆಯೊಳಗೆ ಮನೆ, ಕೊಟ್ಟಿಗೆ ಇದೆಯಾ?

5. ಕರಾರು ಎಷ್ಟು ವರ್ಷ, ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತೆ, ಕರಾರು ಮುಗಿದಾಗ ಟವರ್ ಕಿತ್ತು ಕಾಂಕ್ರೀಟ್ ತೆಗೆಯೋರು ಯಾರು? ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲಿ. ಇಂಗ್ಲಿಷ್ ಪತ್ರ ಆದರೆ ಕನ್ನಡದಲ್ಲಿ ಓದಿಸಿಕೊಂಡ ಮೇಲೇ ಸಹಿ.

ನಾನು ಈ ಐದೂ ಪ್ರಶ್ನೆ ಬರೆದು ಕೊಟ್ಟೆ. ನಮ್ಮ ಹೊಲದ ಮೂಲೆಗೆ ಅಂಗನವಾಡಿ ತೀರಾ ಹತ್ತಿರ, ಜನರೇಟರಿನ ಹೊಗೆ ನೇರ ಅಲ್ಲಿಗೇ ಹೋಗುತ್ತೆ. ಅದಕ್ಕೆ ನಮ್ಮ ಜಾಗ ಬೇಡ ಅಂದೆ. ಬಾಡಿಗೆ ತಪ್ಪಿತು ಅಂತ ಮನೆಯಲ್ಲಿ ಸ್ವಲ್ಪ ಬೇಜಾರಾಯ್ತು. ಆದರೆ ಟವರೇ ಬೇಡ ಅಂತ ನಾನು ಹೇಳಲಿಲ್ಲ. ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಬಂದಾಗ ಹಾವು, ಚಿರತೆ ಓಡಾಡೋ ದಾರಿಯಲ್ಲಿ ಮೋಟಾರ್ ಹಾಕೋಕೆ ಹೋಗೋದು ಕಣ್ಣಿಗೆ ಕಾಣೋ ಅಪಾಯ. ಮಿತಿಯೊಳಗಿನ ಟವರ್ ಅದಕ್ಕಿಂತ ಚಿಕ್ಕದು. ಊರಿನವರು ಪಂಚಾಯ್ತಿಗೆ ಕೊಟ್ಟ ಅರ್ಜಿಯಲ್ಲಿ ಕೆರೆ ಆಚೆಯ ದಿಬ್ಬ ಆಗಬಹುದು, ಕೆಲಸ ಮುಗಿದ ಮೇಲೆ ಅಳತೆ ಮಾಡಿ ತೋರಿಸಬೇಕು ಅಂತ ಬರೆದಿದ್ದೇವೆ.

ಇವತ್ತಿನಿಂದಲೇ ಮಾಡಬಹುದಾದ್ದು

* ಉದ್ದ ಮಾತಿದ್ದರೆ ಸ್ಪೀಕರ್ ಹಾಕಿ ಅಥವಾ ಇಯರ್‌ಫೋನ್ ಹಾಕಿಕೊಳ್ಳಿ. ಕಿವಿಯಿಂದ ಒಂದು ಗೇಣು ದೂರ ಆದರೆ ಸಾಕು, ತಾಗೋದು ಬಹಳ ಕಡಿಮೆ.

* ಒಂದು ಕಡ್ಡಿ ಸಿಗ್ನಲ್ ಇದ್ದಲ್ಲಿ ಹರಟೆ ಬೇಡ. ಬದು ಹತ್ತಿ, ಬಯಲಿಗೆ ಬಂದು ಮಾತಾಡಿ.

* ತಲೆದಿಂಬಿನ ಕೆಳಗೆ, ಎದೆ ಜೇಬಿನಲ್ಲಿ ಇಡಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಸೆಟ್ಟನ್ನು ಒಂದು ಗೇಣು ದೂರವೇ ಇಡಲಿ, ವೈದ್ಯರನ್ನೂ ಕೇಳಲಿ.

* ಮಕ್ಕಳಿಗೆ ಪಾಠವೋ ಸಿನಿಮಾವೋ ಬೇಕಾದರೆ ಮೊದಲೇ ಇಳಿಸಿಕೊಂಡು, ಏರೋಪ್ಲೇನ್ ಮೋಡ್ ಹಾಕಿ ಕೊಡಿ. ಆಗ ತರಂಗವೇ ಇಲ್ಲ.

* ಚಾರ್ಜಿಗೆ ಹಾಕಿ ಮಾತಾಡೋದು, ಟ್ರ್ಯಾಕ್ಟರ್ ಓಡಿಸ್ತಾ ಮಾತಾಡೋದು ಬೇಡ. ತರಂಗದ ಅಪಾಯ ಅನುಮಾನದ್ದು, ಇವು ಕಂಡದ್ದು.

* ಹೊಸ ಸೆಟ್ಟು ಕೊಳ್ಳುವಾಗ ಅಂಗಡಿಯಲ್ಲೇ *#07# ಒತ್ತಿ ನೋಡಿ. ಅಂಗಡಿಯವರು ನಗಬಹುದು, ನಗಲಿ. ಕೊಬ್ಬರಿ ಮಾರುವಾಗ ನಾವು ತಕ್ಕಡಿ ಮುಳ್ಳು ನೋಡೋದಿಲ್ಲವೇ?

ನಿಮ್ಮ ಊರಲ್ಲಿ ಟವರ್ ಅಳತೆ ಮಾಡಿಸಿದ್ದರೆ, ಎಷ್ಟು ದೂರದಲ್ಲಿ ಎಷ್ಟು ಬಂತು ಅಂತ ಪತ್ರಿಕೆಗೆ ಬರೆಯಿರಿ. ಹತ್ತಾರು ಊರಿನ ಅಂಕಿ ಒಟ್ಟಾದರೆ ಮುಂದಿನ ಊರಿನವರು ಗಾಳಿಮಾತು ನಂಬಿ ಜಗಳವಾಡೋದು ತಪ್ಪುತ್ತೆ.